ಮಿಕ್ಕಿದ ಗಂಟೆಯ ನಕ್ಷತ್ರ

ಜೀವನ್ ಬಿಮಾ ನಗರದ ಆ ಮನೆಯ ಹಿಂದಿನ ವರಾಂಡದಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು ಹಂಸಳಿಗೆಂದೇ ಮೀಸಲಾಗಿದ್ದವು. ತಿಂಗಳಲ್ಲಿ ಮೂರು ದಿನ ಅವಳು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಮಾವ ವೆಂಕಟಸುಬ್ಬಯ್ಯನವರು ವಿಮಾ ಕಂಪನಿಯಲ್ಲಿ ಊರವರ ಆಯುಷ್ಯದ ಲೆಕ್ಕ ಹಾಕಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಅವರ ದೇವರಪೂಜೆ ಉದ್ದವಾಯಿತು, ಪೂಜೆ ಉದ್ದವಾದ ಹಾಗೆ ಮಡಿಯೂ ಉದ್ದವಾಯಿತು. ಹೊರಗಿನ ಅಡುಗೆ ಅವರಿಗೆ ಆಗದು. ಮನೆಯ ಹೆಂಗಸರು ಮಿಂದು ಮಡಿಯುಟ್ಟು ಮಾಡಿದ್ದೇ ಆಗಬೇಕು. ಅತ್ತೆ ರಮಾಮಣಿಯವರಿಗೆ ಮಂಡಿನೋವು. ಹಾಗಾಗಿ ಉಳಿದ ದಿನಗಳಲ್ಲೆಲ್ಲ ಬೆಳಗಿನ ಒಲೆಯೂ ಹಂಸಳದು, ಸಂಜೆಯ ಒಲೆಯೂ ಹಂಸಳದು. ನಡುವೆ ಸಿಕ್ಕ ಹೊತ್ತಿನಲ್ಲಿ ಅವಳು ಸಂಶೋಧನಾ ಸಂಸ್ಥೆಗೆ ಹೋಗಿ ನಕ್ಷತ್ರಗಳ ಬೆಳಕನ್ನು ಅಳೆದು ಬರಬಹುದಾಗಿತ್ತು.

ಅಳೆಯುವುದಕ್ಕೆ ಮೊದಲು ಬೆಳಕು ಸಿಕ್ಕಬೇಕಲ್ಲ. ದೂರದರ್ಶಕ ಇದ್ದದ್ದು ಜೋಲಾರಪೇಟೆಯಿಂದಾಚೆ, ತಮಿಳುನಾಡಿನ ಒಂದು ಬೆಟ್ಟದ ಮೇಲೆ. ಮದುವೆಯಾದ ಮರುವರ್ಷ ಹಂಸ ಈ ಮಾತನ್ನು ಗಂಡನ ಮುಂದಿಟ್ಟಳು. ಶ್ರೀಹರಿ ವಿಮಾನ ಕಾರ್ಖಾನೆಯ ಇಂಜಿನಿಯರು, ಕೆಟ್ಟವನಲ್ಲ. ಆದರೆ ಮನೆಯ ವಿಷಯ ಯಾವುದು ಬಂದರೂ "ಅಮ್ಮನ್ನ ಕೇಳು" ಎಂದು ಸ್ಕೂಟರ್ ಒರೆಸಲು ಹೋಗುತ್ತಿದ್ದ. ಅಮ್ಮನನ್ನು ಕೇಳಿದಾಗ ರಮಾಮಣಿ ಬೇಳೆ ಆರಿಸುತ್ತಿದ್ದ ಮೊರದಿಂದ ತಲೆಯೆತ್ತದೆ, ಗಂಡನಿಗೆ ಕೇಳಿಸುವಂತೆ ಹೇಳಿದರು:

"ಹೊರಗಾದಾಗ ಹೋಗ್ಲಿ ಬಿಡಿ. ಹೇಗೂ ಆ ಮೂರು ದಿನ ನಾನೇ ಒಲೆ ಮುಂದೆ ನಿಲ್ಬೇಕು. ಇವಳು ಇಲ್ಲಿ ಕೂತು ಹಿತ್ತಲ ಗೋಡೆ ನೋಡೋ ಬದ್ಲು ಅಲ್ಲಿ ಹೋಗಿ ಆಕಾಶ ನೋಡ್ಲಿ."

"ರೈಲಲ್ಲಿ ನಾಲ್ಕು ಜನಾನ ಮುಟ್ಕೊಂಡು ಹೋಗ್ಬೇಕಲ್ಲೇ," ಎಂದರು ಮಾವ.

"ರೈಲಿಗೇನ್ರೀ ಮಡಿ? ನಾಳೆ ನೀವು ಕೂರೋ ಸೀಟಲ್ಲಿ ಇವತ್ತು ಯಾರ್ ಯಾರು ಕೂತಿದ್ರೋ, ಗೊತ್ತಾ ನಿಮಗೆ?"

ಅಲ್ಲಿಗೆ ಅಪ್ಪಣೆಯಾಯಿತು. ಹಂಸಳ ಮೈ ಕಾರ್ಖಾನೆಯ ಸೈರನ್ನಿನಂಥದ್ದು, ನಾಲ್ಕು ವಾರ ತುಂಬಿದ ದಿನ ತಪ್ಪಿದ್ದಿಲ್ಲ. ಬೆಳಿಗ್ಗೆ ವರಾಂಡದಲ್ಲಿ ಚಾಪೆ ಬಿಚ್ಚಿಕೊಂಡರೆ ಮಧ್ಯಾಹ್ನ ದಂಡು ಪ್ರದೇಶದ ಸ್ಟೇಷನ್ನಿನಲ್ಲಿ ರೈಲು. ಸಂಜೆ ಜೋಲಾರಪೇಟೆ, ಆಮೇಲೆ ಸಂಸ್ಥೆಯ ಜೀಪು.

ಬೆಟ್ಟದ ಮೇಲೆ ರಾತ್ರಿಗಳನ್ನು ಸಮಿತಿಯೊಂದು ತಿಂಗಳುಗಳ ಮೊದಲೇ ಹಂಚಿಬಿಡುತ್ತಿತ್ತು. ಇಂಥ ದಿನವೇ ಬೇಕು ಎಂದು ಅರ್ಜಿ ಹಾಕಲು ಹಂಸ ಯಾವ ಕಾರಣ ಬರೆಯಬೇಕಿತ್ತು? ಅವಳು ಅರ್ಜಿಯನ್ನೇ ಹಾಕಲಿಲ್ಲ. ರಾತ್ರಿಯ ಸರದಿಯವರು ನಡುವೆ ಒಮ್ಮೆ ಟೀ, ಬ್ರೆಡ್ಡು ಎಂದು ಕ್ಯಾಂಟೀನಿಗೆ ಎದ್ದುಹೋಗುತ್ತಿದ್ದರು. ಆ ಒಂದು ಗಂಟೆ ದೂರದರ್ಶಕ ಸುಮ್ಮನಿರುತ್ತಿತ್ತು. ಅದನ್ನು ಕೇಳಿ ಪಡೆದುಕೊಂಡಳು. ಅವಳ ನಕ್ಷತ್ರ ಮಿಥುನ ರಾಶಿಯದು, ಸಾಕಷ್ಟು ಪ್ರಕಾಶದ್ದು, ಅದಕ್ಕೆ ಅಷ್ಟು ಹೊತ್ತು ಸಾಕು. ಮನೆಯಲ್ಲಿ ಮಿಕ್ಕಿದ ದಿನ, ಬೆಟ್ಟದಲ್ಲಿ ಮಿಕ್ಕಿದ ಗಂಟೆ. ಎರಡನ್ನೂ ಸೇರಿಸಿ ತನ್ನದೊಂದು ಕೆಲಸ ಕಟ್ಟಿಕೊಂಡೆನಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಅವಳು ಹುಡುಕುತ್ತಿದ್ದದ್ದು ಕಂದು ಕುಬ್ಜವನ್ನು. ಅದು ನಕ್ಷತ್ರದಂತೆಯೇ ಮೋಡ ಕುಸಿದು ಹುಟ್ಟುತ್ತದೆ, ಆದರೆ ಒಡಲಿನಲ್ಲಿ ಬೆಂಕಿ ಹೊತ್ತಿ ನಿಲ್ಲುವಷ್ಟು ತೂಕ ಕೂಡಿಬರುವುದಿಲ್ಲ. ಗ್ರಹ ಎನ್ನಲು ದೊಡ್ಡದು, ನಕ್ಷತ್ರ ಎನ್ನಲು ಸಣ್ಣದು. ಇದ್ದ ಬಿಸಿಯನ್ನೇ ಕಳೆದುಕೊಳ್ಳುತ್ತ ಆರುತ್ತಾ ಹೋಗುತ್ತದೆ. ದಶಕಗಳ ಕಾಲ ಲೆಕ್ಕದಲ್ಲಷ್ಟೇ ಇದ್ದ ಅದನ್ನು ತೊಂಬತ್ತೈದರಲ್ಲಿ ಹೊರದೇಶದವರು ಖಚಿತವಾಗಿ ಕಂಡಿದ್ದರು, ಅದೂ ಮಂಕಾದ ಕೆಂಪು ನಕ್ಷತ್ರವೊಂದರ ಮಗ್ಗುಲಲ್ಲಿ. ಕಣ್ಣು ಕೋರೈಸುವ ಬಿಳಿ ಬಿಸಿ ನಕ್ಷತ್ರಗಳ ಹತ್ತಿರ ಹುಡುಕುವವರು ಕಡಿಮೆ. ಅವು ಬುಗುರಿಯಂತೆ ತಿರುಗುವುದರಿಂದ ಅವುಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣುವ, ಚಲನೆಯನ್ನು ತೋರಿಸುವ ಗೆರೆಗಳೆಲ್ಲ ಕಲಸಿಹೋಗಿ ಅಳತೆಗೆ ಸಿಕ್ಕುವುದಿಲ್ಲ. ಹಂಸಳ ನಕ್ಷತ್ರ ಮಾತ್ರ ನಿಧಾನದ್ದು, ಗೆರೆ ಚೂಪಾಗಿತ್ತು.

"ಮದುವೆಮನೆ ಪೆಟ್ರೋಮ್ಯಾಕ್ಸ್ ಪಕ್ಕ ಮಿಣುಕುಹುಳ ಹುಡುಕ್ತೀಯೇನಮ್ಮ?" ಎಂದಿದ್ದರು ಅವಳ ಮಾರ್ಗದರ್ಶಕ ಡಾ. ಬೈಲಪ್ಪ. ಕೆ.ಆರ್. ಪುರದ ಕಡೆಯ ಹಳೆಯ ಮನೆತನದವರು, ಬಾಯಿ ಒರಟು. "ಹುಡುಕು, ಹುಡುಕು. ಸಿಕ್ಕಿದ್ರೆ ಊರಿಗೆಲ್ಲ ನಾನೇ ತಮಟೆ ಹೊಡೀತೀನಿ."

ಬೆಟ್ಟಕ್ಕೆ ಹೊರಡುವ ದಿನಗಳಲ್ಲಿಯೇ ಅತ್ತೆ ಸೊಸೆ ಹೆಚ್ಚು ಮಾತನಾಡುತ್ತಿದ್ದದ್ದು. ಒಳಗೆ ಒಲೆಯ ಮುಂದೆ ಅವರು, ಹೊರಗೆ ಚಾಪೆಯ ಮೇಲೆ ಇವಳು, ನಡುವೆ ಹೊಸ್ತಿಲು. ಕೈಗೆ ಕೆಲಸವಿಲ್ಲದ ಸೊಸೆಯನ್ನು ಮಾತನಾಡಿಸುವುದು ರಮಾಮಣಿಯವರಿಗೂ ಸಲೀಸಾಗಿತ್ತು.

"ಕಾಣೋದೇ ಇಲ್ಲ ಅಂತೀಯ. ಮತ್ತೆ ಅದು ಅಲ್ಲಿದೆ ಅಂತ ಹೇಗೆ ಹೇಳ್ತೀಯ?"

"ನಕ್ಷತ್ರ ಒಂಚೂರು ವಾಲತ್ತೆ ಅಮ್ಮ. ಒಂದ್ಸಲ ನಮ್ಮ ಕಡೆಗೆ, ಒಂದ್ಸಲ ಆಚೆಗೆ. ಸುತ್ತ ಏನೋ ಒಂದು ಸುತ್ತುತಾ ಇದ್ರೆ ಹಾಗಾಗತ್ತೆ."

ರಮಾಮಣಿ ಸೌಟು ಆಡಿಸುವುದನ್ನು ನಿಲ್ಲಿಸಿದರು. "ಬಗಲಲ್ಲಿ ಕೂಸಿಟ್ಕೊಂಡೋಳು ಆಚೆ ವಾಲ್ಕೊಂಡು ನಡೀತಾಳಲ್ಲ, ಹಾಗೆ ಅನ್ನು. ಸೆರಗು ಹೊದ್ದಿದ್ರೂ ನಡಿಗೇಲೇ ಗೊತ್ತಾಗತ್ತೆ."

"ಹಾಗೇ ಅಮ್ಮ."

"ಅದಕ್ಕೆ ಕುಬ್ಜ ಅಂತ ಯಾಕೆ ಅಂತೀರೋ. ಮರಿ ಅನ್ನಿ," ಎಂದು ಪುಳಿಯೋಗರೆಯ ಪೊಟ್ಟಣವನ್ನು ಹೊಸ್ತಿಲ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು. ಹಂಸ ಆಮೇಲೆ ಅದನ್ನು ಎತ್ತಿಕೊಂಡಳು.

ಚಾಪೆ ಬಿಚ್ಚಿದ ಗಳಿಗೆಯಲ್ಲಿ ಮಾತ್ರ ಅತ್ತೆಯ ಮುಖ ಪ್ರತಿ ಸಲವೂ ಒಂದಿಷ್ಟು ಇಳಿಯುತ್ತಿತ್ತು. ಈ ತಿಂಗಳೂ ಇಲ್ಲ. ಅವರು ಬಾಯಿಬಿಟ್ಟು ಅಂದವರಲ್ಲ. ಕ್ಷಣ ಹೊತ್ತು ಗೋಡೆ ಹಿಡಿದು ನಿಂತು, ಹುಣಸೆಹಣ್ಣು ನೆನೆಹಾಕಲು ಹೋಗುತ್ತಿದ್ದರು. ಹಂಸಳಿಗೂ ಮಗು ಬೇಕಾಗಿತ್ತು. ಯಾವುದು ಅವಳನ್ನು ಬೆಟ್ಟಕ್ಕೆ ಬಿಡುಗಡೆ ಮಾಡುತ್ತಿತ್ತೋ ಅದೇ ಅವಳ ಮಡಿಲನ್ನು ಬರಿದೆಂದು ಸಾರುತ್ತಿತ್ತು. ರೈಲಿನ ಕಿಟಕಿಯ ಪಕ್ಕ ಹೊಟ್ಟೆ ಹಿಡಿದು ಕೂತಾಗ ತನಗಾಗುತ್ತಿರುವುದು ಸಂತೋಷವೋ ಸಂಕಟವೋ ಎಂದು ಅವಳು ವಿಚಾರಿಸಿಕೊಳ್ಳಲು ಹೋಗುತ್ತಿರಲಿಲ್ಲ. ಎರಡಕ್ಕೂ ಒಂದೇ ಟಿಕೆಟ್ಟು.

ಸಂಸ್ಥೆಯಲ್ಲಿ ಅವಳ ಕೋಣೆಯ ಇನ್ನೊಂದು ಮೇಜು ನೂರುನ್ನೀಸಾಳದು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯವಳು, ಮಿನುಗಿ ಮಂಕಾಗುವ ನಕ್ಷತ್ರಗಳ ಅವಧಿ ಲೆಕ್ಕಹಾಕುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ತೊಂಬತ್ತೆಂಟರ ಫೆಬ್ರುವರಿಯ ಒಂದು ಮಧ್ಯಾಹ್ನ ಬೈಲಪ್ಪನವರು ಟೀ ತರಿಸಿದರೆ ಅವಳು ಬೇಡವೆಂದಳು.

"ರಂಜಾನ್ ಮುಗಿದು ಎಷ್ಟು ದಿನ ಆಯ್ತು, ಇನ್ನೂ ಉಪವಾಸವಾ?"

"ಒಂದಷ್ಟು ರೋಜಾ ಬಿಟ್ಟೋಗಿತ್ತು ಸಾರ್. ಈಗ ಇಟ್ಕೊಂಡು ತುಂಬಿಸ್ತಾ ಇದ್ದೀನಿ."

"ಯಾಕ್ ಬಿಟ್ಟೋಯ್ತು? ನಿಮ್ಮ ಗಲ್ಲಿ ಕಬಾಬ್ ವಾಸನೆ ತಡ್ಕೊಳ್ಳೋಕಾಗ್ಲಿಲ್ವ?"

"ಹೂಂ ಸಾರ್. ಬಹಳ ಕಷ್ಟ ಸಾರ್," ಎಂದು ನೂರುನ್ನೀಸಾ ಹಂಸಳ ಕಡೆಗೆ ಕಣ್ಣು ಹೊಡೆದಳು. ಅವರು ಅತ್ತ ಹೋದ ಮೇಲೆ ಇಬ್ಬರೂ ಬಾಯಿಗೆ ದುಪಟ್ಟ, ಸೆರಗು ಒತ್ತಿಕೊಂಡು ನಕ್ಕರು. "ಆ ದಿನಗಳಲ್ಲಿ ನಮಗೆ ರೋಜಾನೂ ಇಲ್ಲ, ನಮಾಜೂ ಇಲ್ಲ. ರೋಜಾ ಮಾತ್ರ ಆಮೇಲೆ ತುಂಬಿಸ್ಬೇಕು. ನಾನು ಮರೀತೀನಿ ಅಂತ ನಮ್ಮ ಮಜೀದಾ ಚಿಕ್ಕಮ್ಮ ವರ್ಷವಿಡೀ ಅಡುಗೆಮನೆ ಕ್ಯಾಲೆಂಡರ್ ಮೇಲೆ ಕಾಡಿಗೆ ಚುಕ್ಕೆ ಇಡ್ತಾರೆ. ಮನೆಗೆ ಬಂದೋರೆಲ್ಲ ಹಾಲಿನ ಲೆಕ್ಕ ಅಂದ್ಕೋತಾರೆ!"

ಆ ಮಾರ್ಚಿನಲ್ಲಿ ಎರಡು ಚಳಿಗಾಲಗಳ ಅಳತೆಗಳನ್ನು ಹಂಸ ಒಂದೇ ನಕ್ಷೆಯ ಮೇಲೆ ಕೂರಿಸಿದಳು. ಏರಿ ಇಳಿದು ಮತ್ತೆ ಏರುವ, ಕೈವಾರ ಹಿಡಿದು ಬರೆದಂಥ ಗೆರೆ. ನಕ್ಷತ್ರ ವಾಲುತ್ತಿತ್ತು. ವಾಲುವ ಪ್ರಮಾಣದಿಂದ ಲೆಕ್ಕ ಹಾಕಿದರೆ ಜೊತೆಯಲ್ಲಿದ್ದದ್ದರ ತೂಕ ಗ್ರಹಕ್ಕೆ ಜಾಸ್ತಿ, ನಕ್ಷತ್ರಕ್ಕೆ ಕಡಿಮೆ. ಬೈಲಪ್ಪನವರು ನಕ್ಷೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದರು. ಹೊರಗೆ ಹೋದವರು ಕ್ಯಾಂಟೀನಿನಿಂದ ತಾವೇ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದರು.

"ಇನ್ನೊಂದು ಚಳಿಗಾಲ ನೋಡಮ್ಮ. ಮುಂದಿನ ಫೆಬ್ರುವರಿ ಸಮ್ಮೇಳನದಲ್ಲಿ ನೀನೇ ನಿಂತು ಹೇಳು. ನಿನ್ನ ಹೆಸರು ಮೊದಲು, ನನ್ನದು ಆಮೇಲೆ."

ಆ ಸಂಜೆ ರಮಾಮಣಿಯವರು ಸುದ್ದಿ ಕೇಳಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಯಾಕೆ ಎಂದು ಮಾವ ಕೇಳಿದ್ದಕ್ಕೆ, "ನಮ್ಮನೆ ಮರಿ ಸಿಕ್ತು," ಎಂದರು.

ಮಳೆಗಾಲದಲ್ಲಿ ಬೆಟ್ಟಕ್ಕೆ ಮೋಡ ಮುಸುಕುವುದರಿಂದ ಹೋಗುವ ಪ್ರಶ್ನೆಯಿರಲಿಲ್ಲ. ಆಗಸ್ಟಿನಲ್ಲಿ ಚಾಪೆ ಬಿಚ್ಚುವ ದಿನ ಬಂತು, ಹಂಸ ಬಿಚ್ಚಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ರಮಾಮಣಿ ಬಂದು ಸುರುಳಿ ಸುತ್ತಿದ್ದ ಚಾಪೆಯನ್ನು ಎತ್ತಿ ಅಟ್ಟದ ಮೇಲೆ ಹಾಕಿದರು. ಅವಳ ಕೈಯಿಂದ ಸೌಟು ಕಿತ್ತುಕೊಂಡು "ಕೂತ್ಕೋ ಹೋಗು" ಎಂದರು ಅಷ್ಟೆ. ಶ್ರೀಹರಿ ಹಳಸೂರಿನ ಮಾರುಕಟ್ಟೆಯಿಂದ ದಾಳಿಂಬೆ ತಂದು ತಂದು ಮನೆಯಲ್ಲಿ ಇಡಲು ಜಾಗವಿಲ್ಲದಂತೆ ಮಾಡಿದ.

ಅಕ್ಟೋಬರಿನಲ್ಲಿ ಆಕಾಶ ತೊಳೆದಂತಾಯಿತು. ಹಂಸ ಹೋಗಲಿಲ್ಲ, ಹೋಗಲಿಲ್ಲವೆಂದು ಕೊರಗಲೂ ಇಲ್ಲ. ಮರಿ ಎಲ್ಲಿಗೆ ಹೋಗುತ್ತದೆ? ಮೇಲೆ ತನ್ನ ಪಾಡಿಗೆ ಸುತ್ತುತ್ತಿರುತ್ತದೆ. ಮಧ್ಯಾಹ್ನ ಎಡಮಗ್ಗುಲಾಗಿ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ವಿಮಾನ ನಿಲ್ದಾಣದ ಕಡೆಗೆ ಇಳಿಯುವ ವಿಮಾನ ಕಿಟಕಿಯ ಗಾಜನ್ನು ಗಡಗಡಿಸಿ ಹೋಗುವವರೆಗೆ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಕಾಣದ ಎರಡು ತನ್ನ ಲೆಕ್ಕಕ್ಕೆ ಬಂದಿವೆ ಎಂಬ ನಿಶ್ಚಿಂತೆ ಅವಳಿಗೆ ಬದುಕಿನಲ್ಲಿ ಹಿಂದೆಂದೂ ಇರಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ, ದೋಸೆಯ ಹಿಟ್ಟು ಕಲಸುತ್ತಿದ್ದಾಗ, ಕಾಲಿನ ಮೇಲೆ ಬೆಚ್ಚಗೆ ರಕ್ತ ಇಳಿಯಿತು. ಹಳಸೂರಿನ ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಮಾಡುವುದನ್ನೆಲ್ಲ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಮಾಡುವುದೇನೂ ಉಳಿದಿರಲಿಲ್ಲ.

ರಮಾಮಣಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಅವಳ ಕೈ ಹಿಡಿದುಕೊಂಡಿದ್ದರು. ಅವಳ ಕಡೆಗೆ ಬಗ್ಗಿ ಹೇಳಿದರು: "ನನಗೂ ಆಗಿತ್ತು ಕಣೆ. ಶ್ರೀಹರಿಗೆ ಮುಂಚೆ ಎರಡು. ಇರಲೇ ಇಲ್ಲ ಅಂತ ಅಂದ್ಕೊಂಡ್ಬಿಟ್ಟೆ. ನೀನೂ ಹಾಗೇ ಅಂದ್ಕೋ. ಇರಲೇ ಇಲ್ಲ. ಅಂದ್ಕೋಬೇಕು. ಇಲ್ದಿದ್ರೆ ಏಳೋಕಾಗಲ್ಲ."

ಮನೆಯಲ್ಲಿ ಎಲ್ಲರೂ ಹಾಗೇ ಅಂದುಕೊಂಡರು. ಅದಕ್ಕೆ ಹೆಸರಿರಲಿಲ್ಲ, ಹೆಸರಿಲ್ಲದ್ದಕ್ಕೆ ಎಳ್ಳುನೀರೂ ಇಲ್ಲ. ಮಾವನ ಪೂಜೆ ಎಂದಿನ ಹೊತ್ತಿಗೆ ಮುಗಿಯಿತು. ಶ್ರೀಹರಿ ಗೇಟಿನ ಬಳಿ ಸ್ಕೂಟರಿನ ಒಂದೇ ಸ್ಕ್ರೂವನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಕತ್ತಲಾಗುವವರೆಗೆ ಕೂತಿದ್ದ. ಅಟ್ಟದ ಮೇಲಿಂದ ಚಾಪೆ ಕೆಳಗೆ ಬಂತು.

ನನಗೆ ಆಕಾಶದ ಮರಿಯೊಂದಾದರೂ ಇದೆಯಲ್ಲ ಎಂದುಕೊಂಡು ಹಂಸ ಡಿಸೆಂಬರಿನಲ್ಲಿ ಬೆಟ್ಟಕ್ಕೆ ಹೋದಳು. ಆದರೆ ಆ ಮೈ ಈಗ ಹಳೆಯ ಮೈಯಾಗಿ ಉಳಿದಿರಲಿಲ್ಲ. ಎರಡೇ ವಾರಕ್ಕೆ ಮತ್ತೆ ಚಾಪೆ ಬಿಚ್ಚಬೇಕಾಯಿತು, ಮತ್ತೆ ಹೋದಳು. ಆಮೇಲೆ ವಾರಗಟ್ಟಲೆ ಏನೂ ಇಲ್ಲ. ಮತ್ತೆ ಇದ್ದಕ್ಕಿದ್ದ ಹಾಗೆ. ಸೈರನ್ನು ಕೆಟ್ಟುಹೋಗಿತ್ತು. ಪ್ರತಿ ಸಲ ಹೋದಾಗಲೂ ಅದೇ ಟೀ ಹೊತ್ತಿನ ಗಂಟೆ, ಅದೇ ನಕ್ಷತ್ರ. ಬೆಂಗಳೂರಿಗೆ ಬಂದು ಅಳತೆಗಳನ್ನು ನಕ್ಷೆಯ ಮೇಲೆ ಇಟ್ಟರೆ ಒಂದೂ ಗೆರೆಯ ಮೇಲೆ ಕೂರಲೊಲ್ಲದು. ಏರಬೇಕಾದಲ್ಲಿ ಇಳಿದಿತ್ತು, ಇಳಿಯಬೇಕಾದಲ್ಲಿ ಏರಿತ್ತು.

"ಉಪಕರಣ ಸರಿಗಿತ್ತೇನಮ್ಮ?" ಎಂದರು ಬೈಲಪ್ಪ. ಉಪಕರಣ ಸರಿಯಾಗಿತ್ತು. "ಬೇರೆ ನಕ್ಷತ್ರ ಏನಾದ್ರೂ ನೋಡ್ಬಿಟ್ಯಾ?" ಬೇರೆ ನಕ್ಷತ್ರವಲ್ಲ. ಅವಳ ಮುಖ ನೋಡಿ ಅವರು ದನಿ ತಗ್ಗಿಸಿದರು. "ಹುಷಾರಿಲ್ಲದೆ ಇದ್ದೆಯಂತೆ. ಸಮ್ಮೇಳನಕ್ಕೆ ಇನ್ನೂ ಎರಡು ವಾರ ಇದೆ. ನಿಧಾನವಾಗಿ ನೋಡು."

ಹಂಸ ನಿಧಾನವಾಗಿಯೇ ನೋಡಿದಳು. ಮಧ್ಯಾಹ್ನದ ಊಟ ಬಿಟ್ಟು ನೋಡಿದಳು. ಆ ವರ್ಷವೂ ಹಬ್ಬ ಕಳೆದ ಮೇಲೆ ಬಿಟ್ಟ ರೋಜಾ ತುಂಬಿಸುತ್ತಿದ್ದ ನೂರುನ್ನೀಸಾ ಒಣಗಿದ ತುಟಿಯಲ್ಲಿ ಅವಳ ಹಿಂದೆ ಬಂದು ನಿಂತಳು. ಮೇಜಿನ ಮೇಲೆ ಇಡೀ ಮೂರು ಚಳಿಗಾಲಗಳು ಉದ್ದಕ್ಕೆ ಹರಡಿಕೊಂಡಿದ್ದವು. ನೋಡಿದ ರಾತ್ರಿಗೆ ಒಂದೊಂದು ಕಪ್ಪು ಚುಕ್ಕೆ.

"ಹಂಸಾ, ಬೇಜಾರು ಮಾಡ್ಕೋಬೇಡ. ಒಂದು ಕೇಳ್ತೀನಿ."

"ಏನು?"

"ಈ ಹಳೇ ಚುಕ್ಕೆಗಳು… ಇವು ನಿನ್ನ ಆ ದಿನಗಳಾ?"

ಹಂಸ ತಿರುಗಿ ನೋಡಿದಳು.

"ನಮ್ಮ ಅಡುಗೆಮನೆ ಕ್ಯಾಲೆಂಡರ್ ಹೀಗೇ ಕಾಣತ್ತೆ ಮಾರಾಯ್ತಿ. ಮೂರು ಚುಕ್ಕೆ, ಖಾಲಿ. ಮೂರು ಚುಕ್ಕೆ, ಖಾಲಿ. ನಿನ್ನ ನಕ್ಷತ್ರಕ್ಕೆ ಬೆಳ್ದಿಂಗಳು ಅಡ್ಡಿ ಇಲ್ಲ ಅಂತ ನೀನು ಆ ರಾತ್ರಿಗಳ್ನೇ ಆರಿಸ್ಕೊಂಡಿದ್ದೀಯ ಅಂತ ಬೈಲಪ್ಪ ಸಾರ್ ಅಂದ್ಕೊಂಡಿದ್ದಾರೆ. ಇದು ಚಂದ್ರನ ಲೆಕ್ಕ ಅಲ್ಲ. ಚಂದ್ರನಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು." ಅವಳ ಬೆರಳು ಈ ಚಳಿಗಾಲದ ಎಡಬಿಡಂಗಿ ಚುಕ್ಕೆಗಳ ಮೇಲೆ ಬಂದು ನಿಂತಿತು. "ಇಲ್ಲಿಗೆ ಬಂದು ತಪ್ಪಿಹೋಗಿದೆ. ಇಲ್ಲೇ ನಿನ್ನ ನಕ್ಷತ್ರಾನೂ ತಪ್ಪಿಹೋಗಿದೆ."

ಕೋಣೆಯಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು, ಮೇಲೆ ಫ್ಯಾನು ತಿರುಗುತ್ತಿತ್ತು. ಟ್ಯೂಬ್‌ಲೈಟಿನ ಕೆಳಗೆ ರಭಸದ ಫ್ಯಾನು ಒಮ್ಮೊಮ್ಮೆ ಮೆಲ್ಲಗೆ, ಹಿಂದುಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ಬೆಳಕು ಒಂದೇ ಸಮನೆ ಉರಿಯದೆ ಮಿಟುಕುವುದರಿಂದ, ಒಂದು ಮಿಟುಕಿಗೂ ಇನ್ನೊಂದಕ್ಕೂ ನಡುವೆ ರೆಕ್ಕೆ ಎಷ್ಟು ಸುತ್ತಿತೆಂದು ಕಣ್ಣಿಗೆ ತಿಳಿಯುವುದಿಲ್ಲ. ಆ ಮಂದಗತಿ ಫ್ಯಾನಿನದಲ್ಲ, ನೋಡುವ ಮಿಟುಕಿನದು. ನೂರುನ್ನೀಸಾ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ನಾಲ್ಕು ವಾರಕ್ಕೊಮ್ಮೆ, ಅದೇ ಗಂಟೆಗೆ, ಕಣ್ಣು ತೆರೆದು ಮುಚ್ಚಿದವಳು ತಾನು.

ಇಬ್ಬರೂ ಕಂಪ್ಯೂಟರಿನ ಮುಂದೆ ಕೂತು ಈ ಸಲ ಚಿಕ್ಕ ಅವಧಿಗಳನ್ನು ಒಂದೊಂದಾಗಿ ಹಾಕಿ ನೋಡಿದರು. ಸಂಜೆಗೆ ಮುಂಚೆಯೇ ಸಿಕ್ಕಿತು. ನಕ್ಷತ್ರ ದಿನಕ್ಕೊಮ್ಮೆ ಎನ್ನುವಷ್ಟು ಬೇಗ ತಾನೇ ಉಬ್ಬಿ, ತಾನೇ ಇಳಿಯುತ್ತಿತ್ತು. ಕೆಲವು ಬಿಸಿ ನಕ್ಷತ್ರಗಳ ಮೈಗುಣ ಅದು. ಉಬ್ಬಿದಾಗ ಮೈ ನಮ್ಮ ಕಡೆಗೆ, ಇಳಿದಾಗ ಆಚೆಗೆ ಸರಿಯುವುದೇ ವಾಲಿದಂತೆ ಕಂಡಿತ್ತು. ಆ ಲೆಕ್ಕಕ್ಕೆ ಹಳೆಯ ಚುಕ್ಕೆ, ಹೊಸ ಚುಕ್ಕೆ, ಎಲ್ಲವೂ ಮಕ್ಕಳು ಪಂಕ್ತಿಯಲ್ಲಿ ಊಟಕ್ಕೆ ಕೂತಂತೆ ಒಂದೇ ಗೆರೆಯ ಮೇಲೆ ಬಂದು ಕೂತವು. ಸುತ್ತ ಏನೂ ಇರಲಿಲ್ಲ. ಅದು ಒಂಟಿ ನಕ್ಷತ್ರ.

"ಯಾ ಅಲ್ಲಾ, ನಾನ್ಯಾಕಾದ್ರೂ ನೋಡಿದ್ನೋ," ಎಂದು ನೂರುನ್ನೀಸಾ ಕಣ್ಣೊರೆಸಿಕೊಂಡಳು.

"ನೀನಲ್ದೆ ಇನ್ಯಾರು ನೋಡ್ತಿದ್ರು?" ಎಂದಳು ಹಂಸ. ಅವಳಿಗೆ ಅಳು ಬರಲಿಲ್ಲ. ಹೊರಗೆ ಅಜಾನಿನ ದನಿ ತೇಲಿಬಂದಾಗ ಗೆಳತಿಗೆ ನೀರು ಬಗ್ಗಿಸಿ ಕೊಟ್ಟು, ಖರ್ಜೂರದ ಡಬ್ಬಿ ಮುಂದಿಟ್ಟಳು. ತಾನೂ ಒಂದು ಬಾಯಿಗೆ ಹಾಕಿಕೊಂಡಳು. ಬೀಜವನ್ನು ಉಗುಳಲು ಮರೆತು ಮನೆಯವರೆಗೂ ನಾಲಗೆಯಡಿ ಇಟ್ಟುಕೊಂಡೇ ಹೋದಳು.

ಮರುದಿನ ಬೈಲಪ್ಪನವರು ಎರಡು ನಕ್ಷೆಗಳನ್ನೂ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ಸಮಾನ ಅಂತರ ಯಾಕೆ ಆರಿಸ್ಕೊಂಡೆಯಮ್ಮ? ಮೊದಲನೇ ಪಾಠ ಅಲ್ವ ಇದು, ನಡುನಡುವೆ ಬೇರೆ ದಿನ ನೋಡ್ಬೇಕು ಅನ್ನೋದು?"

"ನಾನು ಆರಿಸ್ಕೊಳ್ಳಲಿಲ್ಲ ಸಾರ್. ನಮ್ಮನೇಲಿ ಮಡಿ. ತಿಂಗಳಲ್ಲಿ ಮೂರು ದಿನ ನಾನು ಅಡುಗೆಮನೆಗೆ ಹೋಗೋ ಹಾಗಿಲ್ಲ. ಬೆಟ್ಟಕ್ಕೆ ಹೋಗೋಕೆ ಆಗ್ತಿದ್ದಿದ್ದು ಆವಾಗ ಮಾತ್ರ."

ಬೈಲಪ್ಪ ಕಿಟಕಿಯ ಕಡೆಗೆ ತಿರುಗಿದರು. ಅವರ ಕಿವಿ ಕೆಂಪಾಗಿತ್ತು. "ನನಗೆ ಒಂದು ಮಾತು ಹೇಳ್ಬಾರ್ದಿತ್ತಾ? ಮಧ್ಯೆ ಒಂದೆರಡು ರಾತ್ರಿ ಬೇರೆ ಯಾರನ್ನಾದ್ರೂ ಕೂರಿಸ್ತಿದ್ದೆ."

"ಏನಂತ ಹೇಳ್ಲಿ ಸಾರ್?"

ಸಮ್ಮೇಳನದಿಂದ ಹೆಸರು ಹಿಂತೆಗೆದುಕೊಳ್ಳುವುದು, ಕಾರಣಕ್ಕೆ ‘ವೀಕ್ಷಣೆಯ ಸಮಯದ ಇತಿಮಿತಿ’ ಎಂದು ಬರೆಯುವುದು ಎಂದಾಯಿತು. ಅವಳು ಬಾಗಿಲ ಬಳಿ ಹೋದಾಗ ಅವರು ಹಿಂದಿನಿಂದ ಮೆತ್ತಗೆ ಹೇಳಿದರು: "ಆದ್ರೂ ಅಮ್ಮ, ಇಲ್ಲ ಅಂತ ಹೇಳೋಕೂ ಪುರಾವೆ ಬೇಕಲ್ಲ. ಮುಂದಿನ ವಾರ ನನ್ನ ಸರದಿ ಇದೆ. ಇಡೀ ರಾತ್ರಿಗಳು ನಿನಗೇ ತಗೋ. ಬೇರೆ ದಿನ, ಬೇರೆ ಬೇರೆ ಗಂಟೆ. ಸರಿಯಾಗಿ ನೋಡಿ, ಸರಿಯಾಗಿ ಮುಗಿಸು."

ಹಾಗೆ ಹಂಸ ಹೊರಗಾಗದ ದಿನ ಬೆಟ್ಟಕ್ಕೆ ಹೋಗಬೇಕೆಂದು ಮನೆಯಲ್ಲಿ ಕೇಳಬೇಕಾಗಿ ಬಂತು. ಅಡುಗೆಮನೆಯಲ್ಲಿ ಕೂಟು ಕುದಿಯುತ್ತಿತ್ತು. ರಮಾಮಣಿ ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಹೊಸ್ತಿಲಿನ ಒಳಗೇ ಇಬ್ಬರೂ ಇದ್ದು ನಕ್ಷತ್ರದ ಮಾತನಾಡಿದ್ದು ಅದೇ ಮೊದಲು.

"ಹೋಗು," ಎಂದರು ಅವರು, ಯೋಚಿಸಲೂ ಇಲ್ಲ. "ಮಂಡಿನೋವು ಇದ್ದಿದ್ದೇ. ಅವರಿಗೆ ನಾನು ಹೇಳ್ಕೋತೀನಿ." ತುರಿಮಣೆ ಸ್ವಲ್ಪ ಹೊತ್ತು ಕರಕರ ಎಂದಿತು. "ಮರಿ ಹೇಗಿದೆ? ನೀನು ಅದರ ಸುದ್ದೀನೇ ಎತ್ತಿಲ್ಲ ಇತ್ತೀಚೆಗೆ."

"ಇಲ್ಲ ಅಮ್ಮ."

"ಇಲ್ಲ ಅಂದ್ರೆ? ಹೋಯ್ತಾ?"

"ಹೋಗಿದ್ದಲ್ಲ. ನಾನು ಒಂದೇ ಅಳತೆಗೆ ಹೋಗ್ತಿದ್ದೆ, ನಾಲ್ಕು ವಾರ, ನಾಲ್ಕು ವಾರ. ಅದಕ್ಕೆ ಹಾಗೆ ಕಾಣಿಸ್ತು. ಬೇರೆ ದಿನ ನೋಡಿದ್ರೆ ಮೊದಲೇ ಗೊತ್ತಾಗ್ತಿತ್ತು." ಹಂಸ ಕೂಟನ್ನು ತಿರುವುತ್ತ, ತನ್ನ ದನಿ ಗಟ್ಟಿಯಾಗಿದೆಯಲ್ಲ ಎಂದು ತಾನೇ ಆಶ್ಚರ್ಯಪಡುತ್ತ ಹೇಳಿದಳು. "ಇರಲೇ ಇಲ್ಲ ಅಮ್ಮ ಅದು."

ತುರಿಮಣೆಯ ಸದ್ದು ನಿಂತಿತು.

"ನಾನು ಹೊರಗಾದಾಗ ಹೋಗ್ಲಿ ಅಂದಿದ್ದಕ್ಕಾ?"

ಹೌದು ಎನ್ನಲು ಅವಳಿಗೆ ಬಾಯಿ ಬರಲಿಲ್ಲ, ಅಲ್ಲ ಎನ್ನಲು ಅವಳ ಓದು ಬಿಡಲಿಲ್ಲ. ತಲೆಯ ಮೇಲೆ ವಿಮಾನವೊಂದು ಇಳಿಯತೊಡಗಿತು. ಕಿಟಕಿ, ಪಾತ್ರೆ, ಸ್ಟ್ಯಾಂಡಿನ ಲೋಟಗಳು ಎಲ್ಲ ಗಡಗಡಿಸಿದವು. ಜೀವನ್ ಬಿಮಾ ನಗರದವರು ಇಂಥ ಹೊತ್ತಿನಲ್ಲಿ ಮಾತನ್ನು ಬಾಯಲ್ಲೇ ಹಿಡಿದುಕೊಂಡು ಕಾಯುತ್ತಾರೆ. ಸದ್ದು ಕಳೆದಾಗ ರಮಾಮಣಿ ಅರ್ಧ ತುರಿದ ಹೋಳನ್ನು ಮಡಿಲಲ್ಲಿ ಹಿಡಿದು ಕೂತಿದ್ದರು.

"ಇರಲೇ ಇಲ್ಲ ಅನ್ಬೇಡ ಕಣೆ," ಎಂದರು. "ಅನ್ಬೇಡ. ನಾನು ಎರಡು ವರ್ಷ ಅದರ ಹೆಸರಲ್ಲಿ ಪುಳಿಯೋಗರೆ ಕಟ್ಟಿದ್ದೀನಿ. ಇರಲೇ ಇಲ್ಲ ಅಂತ ನಿಂಗೆ ಹೇಳ್ಕೊಟ್ಟೋಳು ನಾನೇ. ಶ್ರೀಹರಿ ಹುಟ್ಟೋಕೆ ಮುಂಚಿನಿಂದ ಹೇಳ್ಕೊಂಡು ಬಂದಿದ್ದೀನಿ ನನಗೆ ನಾನೇ. ಆಗಲ್ಲ ಹಂಸಾ ಅದು. ಒಂದು ದಿನಾನೂ ಆಗಿಲ್ಲ."

ಕೂಟು ತಳ ಹಿಡಿದ ವಾಸನೆ ಬಂತು. ಹಂಸ ಒಲೆ ಆರಿಸಿದಳು, ಸೌಟು ಕೆಳಗಿಟ್ಟಳು, ಆಮೇಲೆ ಅತ್ತೆಯ ಪಕ್ಕ ನೆಲದ ಮೇಲೆ ಕುಸಿದು, ನವೆಂಬರಿನಿಂದ ಬಾರದಿದ್ದ ಅಳುವನ್ನೆಲ್ಲ ಅತ್ತಳು. ತೆಂಗಿನತುರಿ ಅಂಟಿದ ಕೈ ಅವಳ ಬೆನ್ನ ಮೇಲೆ ಇತ್ತು. ಪೂಜೆಯ ಕೋಣೆಯಿಂದ "ಏನ್ರೇ ಅದು ಸೀದ ವಾಸನೆ?" ಎಂದು ಮಾವ ಕೂಗಿದರು. ಬೆನ್ನ ಮೇಲಿನ ಕೈ ಅಲ್ಲೇ ಉಳಿಯಿತು.

ಆ ಸಲ ಅವಳು ಕೆ.ಆರ್. ಪುರದಲ್ಲಿ ರೈಲು ಹತ್ತಿದಳು. ಶ್ರೀಹರಿ ಅಲ್ಲಿಯವರೆಗೂ ಸ್ಕೂಟರಿನಲ್ಲಿ ತಂದು ಬಿಟ್ಟು, ಏನೋ ಹೇಳಲು ಹೋಗಿ, "ಸ್ವೆಟರ್ ಇದೆ ತಾನೇ?" ಎಂದಷ್ಟೇ ಕೇಳಿ ನಿಂತಿದ್ದ. ಮಡಿಲಲ್ಲಿ ಪುಳಿಯೋಗರೆಯ ಪೊಟ್ಟಣವಿತ್ತು. ಅತ್ತೆ ಅದನ್ನು ಹೊಸ್ತಿಲ ಮೇಲೆ ಇಡಲಿಲ್ಲ, ಕೈಗೇ ಕೊಟ್ಟಿದ್ದರು. ಎಲೆ ಇನ್ನೂ ಬೆಚ್ಚಗಿತ್ತು. ಮೈ ನೋವಿರಲಿಲ್ಲ, ತಲೆಗೆ ಮಿಂದಿದ್ದಳು, ಇಡೀ ರಾತ್ರಿಗಳು ಅವಳವಾಗಿದ್ದವು. ಎಷ್ಟೋ ಸಲ ಬೇಡಿಕೊಂಡಿದ್ದದ್ದು, ಈಗ ಇಲ್ಲವೆಂದು ಬರೆಯುವುದಕ್ಕಾಗಿ ಕೈಗೆ ಬಂದಿತ್ತು.

ರೈಲು ಹೊರಡುವ ಮೊದಲು ಪ್ಲಾಟ್‌ಫಾರ್ಮಿನಲ್ಲಿ ಹೂವಿನ ಬುಟ್ಟಿಯ ಪಕ್ಕ ಒಬ್ಬ ಹೆಂಗಸು ಬಗಲಿನಲ್ಲಿದ್ದ ಕೂಸನ್ನು ಅದರ ಅಜ್ಜಿಯ ಕೈಗೆ ಕೊಟ್ಟು ನಲ್ಲಿಯ ಕಡೆಗೆ ಹೊರಟಳು. ಬಗಲು ಬರಿದಾಗಿದ್ದರೂ ಒಂದಷ್ಟು ದೂರ ಅವಳು ಆಚೆಗೆ ವಾಲಿಕೊಂಡೇ ನಡೆದಳು. ಅವಳು ನಲ್ಲಿ ತಲುಪುವವರೆಗೂ ಹಂಸ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು.